"ಇನ್ನೂ ಗೊತ್ತಾಗಿಲ್ಲ" ಅಂತ ಹೇಳೋದನ್ನು ಜೂನಿಯರ್‌ಗಳಿಗೆ ಕಲಿಸೋದು ಹೇಗೆ?

ವಾರ್ಡ್ ಮೇಷ್ಟ್ರು

ಪಿಜಿಗಳಿಗೆ (ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಡಾಕ್ಟರ್‌ಗಳಿಗೆ), ಇಂಟರ್ನ್‌ಗಳಿಗೆ ಪಾಠ ಮಾಡುವವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಈ ಪ್ರಶ್ನೆ.

ರೌಂಡ್ಸ್‌ನಲ್ಲಿ ಕೇಸ್ ಹೇಳುವವರನ್ನು ಗಮನಿಸಿ. ಹಿಸ್ಟರಿ ಚೆನ್ನಾಗಿ ಹೇಳುತ್ತಾರೆ. ಎಕ್ಸಾಮಿನೇಷನ್ ಕೂಡ ಪರವಾಗಿಲ್ಲ. ಆಮೇಲೆ "ಡಯಾಗ್ನೊಸಿಸ್ ಏನು?" ಅಂದ ಕೂಡಲೇ ಬಾಯಿಂದ ಒಂದು ಹೆಸರು ಬೀಳಲೇಬೇಕು. ಬೀಳದಿದ್ದರೆ ಓದಿಲ್ಲ ಅಂತ ಲೆಕ್ಕ. ಹಾಗಾಗಿ ಬೀಳುತ್ತದೆ. ಸರಿಯೋ ತಪ್ಪೋ ಆಮೇಲಿನ ಮಾತು.

ನಾನು ಪಾಠಕ್ಕೆ ಬಳಸುವ ಒಂದು ಕೇಸ್ ಹೀಗಿದೆ. ರಾತ್ರಿ ಎರಡು ಗಂಟೆ. ಇಪ್ಪತ್ತರ ಆಸುಪಾಸಿನ ಹುಡುಗ. ಆರು ಗಂಟೆಯಿಂದ ಹೊಕ್ಕುಳ ಸುತ್ತ ನೋವು, ಒಂದು ಸಲ ವಾಂತಿ. ಜ್ವರ ಇಲ್ಲ. ಹೊಟ್ಟೆ ಮೆತ್ತಗಿದೆ. ಬಿಳಿ ರಕ್ತಕಣ ನಾರ್ಮಲ್. ಅಲ್ಟ್ರಾಸೌಂಡ್‌ನಲ್ಲಿ ಅಪೆಂಡಿಕ್ಸ್ ಕಾಣಿಸಿಲ್ಲ. "ಏನು ಬರೀತೀರಿ?" ಅಂತ ಕೇಳಿದರೆ ಮುಕ್ಕಾಲು ಪಾಲು ಜನ "ಗ್ಯಾಸ್ಟ್ರೈಟಿಸ್" ಅನ್ನುತ್ತಾರೆ. ಇಲ್ಲಿ ಗ್ಯಾಸ್ಟ್ರೈಟಿಸ್‌ಗೆ ಆಧಾರ ಏನು? ಏನೂ ಇಲ್ಲ. ಶೀಟ್‌ನಲ್ಲಿ ಒಂದು ಖಾಲಿ ಜಾಗ ಇದೆ, ಅದನ್ನು ತುಂಬಬೇಕು, ಅಷ್ಟೇ.

ಪಠ್ಯಕ್ರಮದಲ್ಲಿ "ಅನಿಶ್ಚಿತತೆಯನ್ನು ಸಹಿಸಿಕೊಳ್ಳುವ ಗುಣ ಬೆಳೆಸಬೇಕು" ಅಂತೆಲ್ಲ ಇರುತ್ತದೆ. ಓದೋಕೆ ಚೆನ್ನಾಗಿದೆ. ಆದರೆ ಸೋಮವಾರ ಬೆಳಗ್ಗೆ ರೌಂಡ್ಸ್‌ನಲ್ಲಿ ನಾನು ಏನು ಮಾಡಬೇಕು? ಉಪದೇಶ ಬೇಡ. ನೀವು ಮಾಡಿ ನೋಡಿದ್ದನ್ನು ಹೇಳಿ.

ಎರಡನೇ ವರ್ಷದ ಪಿಜಿ

ಸರ್, ಆ ಕಡೆ ನಿಂತು ಕೇಸ್ ಹೇಳುವವಳು ನಾನು. ಹೇಳಲೇಬೇಕು.

"ಗೊತ್ತಿಲ್ಲ" ಅಂದರೆ ಏನಾಗುತ್ತದೆ ಅಂತ ಮೊದಲ ತಿಂಗಳಲ್ಲೇ ಕಲಿತುಬಿಡುತ್ತೇವೆ. ಎಲ್ಲರ ಎದುರು ಮೂರು ಪ್ರಶ್ನೆ ಜಾಸ್ತಿ ಬೀಳುತ್ತದೆ. ನಂಬಿಕೆ ಇಲ್ಲದಿದ್ದರೂ ಗಟ್ಟಿ ಧ್ವನಿಯಲ್ಲಿ ಒಂದು ಹೆಸರು ಹೇಳಿದರೆ "ಓಕೆ, ಮುಂದೆ" ಅಂತಾರೆ. ಹಾಗಿದ್ದ ಮೇಲೆ ನಾವು ಯಾವುದನ್ನು ಕಲಿಯುತ್ತೇವೆ ಹೇಳಿ? ಧ್ವನಿಯನ್ನೇ ಕಲಿಯುತ್ತೇವೆ.

ಇನ್ನೊಂದು ವಿಷಯ. ಸೀನಿಯರ್‌ಗಳಿಗೂ ಗೊತ್ತಾಗದ ಕೇಸ್ ದಿನಾ ಇರುತ್ತದೆ, ಅಲ್ವಾ? ಆದರೆ ಅದು ನಮಗೆ ಕಾಣಿಸುವುದಿಲ್ಲ. ಅವರು ಕಾರಿಡಾರ್‌ನಲ್ಲಿ ಇನ್ನೊಬ್ಬ ಸೀನಿಯರ್ ಜೊತೆ ಮೆಲ್ಲಗೆ ಮಾತಾಡಿ ಬರುತ್ತಾರೆ. ವಾಪಸ್ ಬಂದಾಗ ಒಂದು ನಿರ್ಧಾರ ಆಗಿರುತ್ತದೆ. ನಡುವೆ ಅವರ ತಲೆಯಲ್ಲಿ ಏನು ಓಡಿತು ಅನ್ನೋದು ನಮಗೆ ಗೊತ್ತೇ ಆಗಲ್ಲ.

ಕ್ಯಾಶುವಾಲ್ಟಿ ನೈಟ್

ಮೇಷ್ಟ್ರೇ, ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ವಾರ್ಡ್‌ನಲ್ಲಿ ನಿಮಗೆ ಟೈಮ್ ಇದೆ. ಕ್ಯಾಶುವಾಲ್ಟಿಯಲ್ಲಿ ರಾತ್ರಿ ಮೂರು ಗಂಟೆಗೆ ಬಿಪಿ ಬಿದ್ದುಹೋಗಿರುವ ರೋಗಿ ಮುಂದಿದ್ದಾಗ "ಅನಿಶ್ಚಿತತೆಯನ್ನು ಸಹಿಸಿಕೊಳ್ಳಿ" ಅಂದರೆ ರೋಗಿ ಸಾಯುತ್ತಾನೆ. ನನ್ನ ಇಂಟರ್ನ್‌ಗಳಿಗೆ ನಾನು ಹೇಳುವುದು ಒಂದೇ: ನಿರ್ಧಾರ ತಗೋ. ತಪ್ಪಾದರೆ ತಿದ್ದೋಣ. ಡೌಟ್‌ನಲ್ಲಿ ಕೂತಿರಬೇಡ. ಈ "ಗೊತ್ತಿಲ್ಲ" ಸಂಸ್ಕೃತಿ ಜಾಸ್ತಿಯಾದರೆ ಕೈಕಟ್ಟಿ ನಿಲ್ಲುವ ಡಾಕ್ಟರ್‌ಗಳು ಹುಟ್ಟುತ್ತಾರೆ.

ವಾರ್ಡ್ ಮೇಷ್ಟ್ರು

@ಕ್ಯಾಶುವಾಲ್ಟಿ ನೈಟ್, ಬೇಜಾರೇನಿಲ್ಲ. ಆದರೆ ನೀವು ಎರಡು ಬೇರೆ ವಿಷಯಗಳನ್ನು ಒಂದು ಮಾಡಿದಿರಿ. ನಿರ್ಧಾರ ತೆಗೆದುಕೊಳ್ಳುವುದು ಬೇರೆ, ಡಯಾಗ್ನೊಸಿಸ್ ಗೊತ್ತಾಗುವುದು ಬೇರೆ. ನೀವು ದಿನಾ ಮಾಡುವುದೇ ಇದು. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅನುಮಾನ ಇದೆ, ಟೆಸ್ಟ್‌ಗೆ ಸೊಂಟದಿಂದ ನೀರು ತೆಗೆಯುವುದು ತಡವಾಗುತ್ತದೆ ಅಂದರೆ ನೀವು ಕಾಯುತ್ತೀರಾ? ಬ್ಲಡ್ ಕಲ್ಚರ್ ತೆಗೆದು ಆಂಟಿಬಯಾಟಿಕ್ ಹಾಕುತ್ತೀರಿ. ಆ ಕ್ಷಣದಲ್ಲಿ ಡಯಾಗ್ನೊಸಿಸ್ ಗೊತ್ತಿಲ್ಲ. ನಿರ್ಧಾರ ಮಾತ್ರ ಗಟ್ಟಿ.

ಪಾಕರ್ ಮತ್ತು ಕ್ಯಾಸಿರರ್ ಅನ್ನುವ ಇಬ್ಬರು 1980ರಲ್ಲೇ ಇದಕ್ಕೆ ಲೆಕ್ಕ ಹಾಕಿಕೊಟ್ಟರು. ಕಾಯಿಲೆಯ ಸಾಧ್ಯತೆ ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಟೆಸ್ಟ್ ಕೂಡ ಬೇಡ, ಚಿಕಿತ್ಸೆಯೂ ಬೇಡ. ಇನ್ನೊಂದು ಮಟ್ಟಕ್ಕಿಂತ ಜಾಸ್ತಿ ಇದ್ದರೆ ಟೆಸ್ಟ್‌ಗೆ ಕಾಯದೆ ಚಿಕಿತ್ಸೆ ಕೊಡು. ನಡುವೆ ಇದ್ದರೆ ಮಾತ್ರ ಟೆಸ್ಟ್. ಈ ಎರಡು ಗೆರೆ ಎಲ್ಲಿ ಬೀಳುತ್ತವೆ ಅನ್ನೋದು ಕಾಯಿಲೆ ಎಷ್ಟು ಕೆಟ್ಟದ್ದು, ಔಷಧಿಯಿಂದ ಎಷ್ಟು ಹಾನಿ, ಟೆಸ್ಟ್ ಎಷ್ಟು ನಂಬಿಕೆಗೆ ಅರ್ಹ ಅನ್ನೋದರ ಮೇಲೆ ನಿಂತಿದೆ. ಮೆನಿಂಜೈಟಿಸ್‌ನಲ್ಲಿ ಚಿಕಿತ್ಸೆಯ ಗೆರೆ ತುಂಬಾ ಕೆಳಗೆ. ಕೀಮೋಥೆರಪಿಗೆ ತುಂಬಾ ಮೇಲೆ, ಬಯಾಪ್ಸಿ ಇಲ್ಲದೆ ಸಾಮಾನ್ಯವಾಗಿ ಯಾರೂ ಶುರು ಮಾಡಲ್ಲ.

ನಿಮ್ಮ ಇಂಟರ್ನ್‌ಗೆ "ನಿರ್ಧಾರ ತಗೋ" ಅನ್ನೋದರ ಜೊತೆ "ಯಾವ ಗೆರೆ ದಾಟಿದೆ ಅಂತ ಹೇಳು" ಅಂತಲೂ ಕೇಳಿ ನೋಡಿ.

ಕ್ಯಾಶುವಾಲ್ಟಿ ನೈಟ್

ಸರಿ. ಆ ಅರ್ಥದಲ್ಲಾದರೆ ಒಪ್ಪಿದೆ. ಆದರೂ ಒಂದು ಮಾತು. ಇಂಟರ್ನ್ ಒಬ್ಬನೇ ಇದ್ದಾಗ ಇದನ್ನೆಲ್ಲ ಯೋಚಿಸುತ್ತಾನೆ ಅನ್ನೋದು ನನಗೆ ನಂಬಿಕೆ ಇಲ್ಲ. ಅವನಿಗೆ ಬೇಕಾಗಿರುವುದು ಯಾವಾಗ ಸೀನಿಯರ್‌ಗೆ ಫೋನ್ ಮಾಡಬೇಕು ಅನ್ನುವ ಸ್ಪಷ್ಟತೆ.

ಹಳೇ ರಿಜಿಸ್ಟ್ರಾರ್

ಫೋನ್ ಮಾತು ಬಂತಲ್ಲ, ಇಲ್ಲಿಂದ ಹಿಡಿಯೋಣ.

ರೆನೆ ಫಾಕ್ಸ್ ಅನ್ನುವ ಸಮಾಜಶಾಸ್ತ್ರಜ್ಞೆ ವೈದ್ಯ ವಿದ್ಯಾರ್ಥಿಗಳ ಜೊತೆ ಓಡಾಡಿ 1957ರಲ್ಲಿ ಬರೆದದ್ದು ಇವತ್ತಿಗೂ ಹೊಂದುತ್ತದೆ. ವಿದ್ಯಾರ್ಥಿಯ ಅನಿಶ್ಚಿತತೆ ಮೂರು ತರ ಅಂದರು. ಒಂದು, ನನಗೇ ಗೊತ್ತಿಲ್ಲ, ಓದಿದವರಿಗೆ ಗೊತ್ತಿರಬಹುದು. ಎರಡು, ವೈದ್ಯಕೀಯಕ್ಕೇ ಇನ್ನೂ ಗೊತ್ತಿಲ್ಲ. ಮೂರು, ಇದು ಮೊದಲನೆಯದ್ದೋ ಎರಡನೆಯದ್ದೋ ಅಂತ ನನಗೆ ಹೇಳೋಕಾಗ್ತಿಲ್ಲ.

ಜೂನಿಯರ್ ಒದ್ದಾಡುವುದು ಈ ಮೂರನೆಯದ್ದರಲ್ಲಿ. "ನಾನು ದಡ್ಡ ಅಂತ ಗೊತ್ತಾಗ್ತಿಲ್ಲವೋ, ಕೇಸೇ ಹಾಗಿದೆಯೋ?" ಇದು ಬಗೆಹರಿಯದೆ ಫೋನ್ ಎತ್ತಲ್ಲ. ಎತ್ತಿದರೆ ಮರ್ಯಾದೆ ಹೋಗುತ್ತೆ ಅನ್ನೋ ಭಯ.

ಹಾಗಾಗಿ ನಾನು ಡ್ಯೂಟಿ ಶುರುವಿನಲ್ಲೇ ಹೇಳಿಬಿಡುತ್ತಿದ್ದೆ. ಇದು ಯಾವ ತರದ ಗೊತ್ತಿಲ್ಲ ಅಂತ ವಿಂಗಡಿಸುವುದು ನಿನ್ನ ಕೆಲಸ ಅಲ್ಲ, ನನ್ನದು. ನೀನು ಫೋನ್ ಮಾಡು. ಫೋನ್‌ನಲ್ಲಿ ಡಯಾಗ್ನೊಸಿಸ್ ಕೇಳಲ್ಲ, ನಿನಗೆ ಯಾವುದರ ಭಯ ಇದೆ ಅಂತ ಕೇಳ್ತೀನಿ. ಈ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತೆ. "ಸರ್, ಡಯಾಗ್ನೊಸಿಸ್ ಗೊತ್ತಿಲ್ಲ, ಆದರೆ ಅಯೋರ್ಟಿಕ್ ಡಿಸೆಕ್ಷನ್ ಅಂತ ಭಯ ಆಗ್ತಿದೆ" (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಗೋಡೆ ಸೀಳುವುದು) ಅಂದುಬಿಟ್ಟರೆ ಮುಂದಿನ ಮಾತು ತಾನಾಗಿ ಬರುತ್ತದೆ. ಎರಡೂ ಕೈಯ ಬಿಪಿ ನೋಡಿದೆಯಾ, ನೋವು ಶುರುವಾದದ್ದು ಹೇಗೆ, ಸಿಟಿಗೆ ಕಳಿಸೋಣ್ವಾ.

ಎರಡನೇ ವರ್ಷದ ಪಿಜಿ

"ಯಾವುದರ ಭಯ ಇದೆ" ಅನ್ನುವ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ ಸರ್. ಕೇಳಿದ್ದರೆ ಸುಮಾರು ರಾತ್ರಿ ನಿದ್ದೆ ಬರುತ್ತಿತ್ತು.

ಲೆಕ್ಕದ ಡಾಕ್ಟ್ರು

ನಾನು ಸಮುದಾಯ ವೈದ್ಯಕೀಯ ಪಾಠ ಮಾಡುತ್ತೇನೆ. ಎಲ್ಲರಿಗೂ ನಿದ್ದೆ ತರಿಸುವ ವಿಷಯ, ಗೊತ್ತು. ಆದರೂ ಒಂದು ಲೆಕ್ಕ ಹೇಳುತ್ತೇನೆ.

1978ರಲ್ಲಿ ಹಾರ್ವರ್ಡ್‌ನ ಬೋಧನಾ ಆಸ್ಪತ್ರೆಗಳಲ್ಲಿ ಅರವತ್ತು ಜನರಿಗೆ ಒಂದು ಪ್ರಶ್ನೆ ಕೇಳಿದರು. ವಿದ್ಯಾರ್ಥಿಗಳು, ರೆಸಿಡೆಂಟ್‌ಗಳು, ಸೀನಿಯರ್ ಡಾಕ್ಟರ್‌ಗಳು ಎಲ್ಲ ಸೇರಿ. ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆ. ಟೆಸ್ಟ್ ಸುಳ್ಳು ಪಾಸಿಟಿವ್ ಬರುವ ಪ್ರಮಾಣ ಶೇ. 5. ರೋಗಿಯ ಬಗ್ಗೆ ಬೇರೇನೂ ಗೊತ್ತಿಲ್ಲ. ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಅತಿ ಹೆಚ್ಚು ಜನ ಕೊಟ್ಟ ಉತ್ತರ ಶೇ. 95. ಸರಿಯಾದ ಉತ್ತರ ಸುಮಾರು ಶೇ. 2. ಸಾವಿರ ಜನರಲ್ಲಿ ನಿಜವಾದ ರೋಗಿ ಒಬ್ಬ, ಸುಳ್ಳು ಪಾಸಿಟಿವ್ ಐವತ್ತು ಜನ. ಐವತ್ತೊಂದರಲ್ಲಿ ಒಂದು. ಅರವತ್ತರಲ್ಲಿ ಸರಿಯಾಗಿ ಹೇಳಿದವರು 11 ಜನ.

ಇದನ್ನು ಯಾಕೆ ಹೇಳಿದೆ ಅಂದರೆ, ಅನಿಶ್ಚಿತತೆ ಬರೀ ಮನಸ್ಸಿನ ಭಾವನೆ ಅಲ್ಲ. ಅದಕ್ಕೆ ಅಳತೆ ಇದೆ. ಜೂನಿಯರ್‌ಗೆ ಟೆಸ್ಟ್ ಬರೆಯುವ ಮುಂಚೆಯೇ "ಎಷ್ಟು ಸಾಧ್ಯತೆ ಅಂದ್ಕೊಂಡಿದ್ದೀಯ?" ಅಂತ ಕೇಳಬೇಕು. ರಿಪೋರ್ಟ್ ಬಂದ ಮೇಲೆ ಅಲ್ಲ. ಬಂದ ಮೇಲೆ ಕೇಳಿದರೆ ಎಲ್ಲರೂ "ನಾನು ಮೊದಲೇ ಅಂದ್ಕೊಂಡಿದ್ದೆ" ಅನ್ನುತ್ತಾರೆ.

ಇನ್ನೊಂದು. ಗೊತ್ತಾಗದಿದ್ದಾಗ ಎಲ್ಲ ಟೆಸ್ಟ್ ಬರೆದುಬಿಡುವ ಚಟ ಇದೆಯಲ್ಲ. ರೆಫರೆನ್ಸ್ ರೇಂಜ್, ಅಂದರೆ ರಿಪೋರ್ಟ್‌ನಲ್ಲಿ ನಾರ್ಮಲ್ ಅಂತ ತೋರಿಸುವ ಮಿತಿ, ಆರೋಗ್ಯವಂತರಲ್ಲಿ ಶೇ. 95 ಜನರನ್ನು ಒಳಗೊಳ್ಳುವಂತೆ ಹಾಕಿದ ಗೆರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್‌ಗಳನ್ನು ಪೂರ್ತಿ ಆರೋಗ್ಯವಾಗಿರುವವನಿಗೆ ಮಾಡಿಸಿದರೆ, ಒಂದಾದರೂ ಅಬ್‌ನಾರ್ಮಲ್ ಬರುವ ಸಾಧ್ಯತೆ ಶೇ. 64. ಆಮೇಲೆ ಅದರ ಹಿಂದೆ ಓಡುವುದು. ಅನಿಶ್ಚಿತತೆ ಕಡಿಮೆ ಮಾಡಲು ಹೊರಟು ಹೊಸದೊಂದನ್ನು ಮನೆಗೆ ಕರೆದ ಹಾಗೆ.

ಕ್ಯಾಶುವಾಲ್ಟಿ ನೈಟ್

@ಲೆಕ್ಕದ ಡಾಕ್ಟ್ರು, ಲೆಕ್ಕ ಸರಿ. ಆದರೆ ನನ್ನ ರೋಗಿಯ ಪ್ರೀ-ಟೆಸ್ಟ್ ಸಾಧ್ಯತೆ (ಟೆಸ್ಟ್‌ಗೆ ಮುಂಚಿನ ಸಾಧ್ಯತೆ) ಸಾವಿರಕ್ಕೆ ಒಂದು ಅಂತ ಹಣೆ ಮೇಲೆ ಬರೆದುಕೊಂಡು ಬರಲ್ಲ. "ಶೇ. 30" ಅಂತ ಇಂಟರ್ನ್ ಹೇಳಿದರೆ ಅದು ಗಾಳಿಯಲ್ಲಿ ಗುಂಡು.

ಲೆಕ್ಕದ ಡಾಕ್ಟ್ರು

ಗಾಳಿಯಲ್ಲಿ ಗುಂಡೇ ಇರಲಿ. ಬರೆದಿಟ್ಟುಕೊಂಡರೆ ತಾನು ಎಷ್ಟು ಸಲ ಗುರಿ ತಪ್ಪುತ್ತೇನೆ ಅಂತ ಅವನಿಗೇ ಗೊತ್ತಾಗುತ್ತದೆ. ಬರೆಯದಿದ್ದರೆ ಯಾವತ್ತೂ ಗೊತ್ತಾಗಲ್ಲ.

ಅಮೆರಿಕದಲ್ಲಿ 118 ವೈದ್ಯರಿಗೆ ಎರಡು ಸುಲಭದ, ಎರಡು ಕಷ್ಟದ ಕೇಸ್ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಬಂತು. ಸುಲಭದ ಕೇಸ್‌ಗಳಲ್ಲಿ ಸರಿಯುತ್ತರ ಶೇ. 55ರಷ್ಟು. ಕಷ್ಟದವುಗಳಲ್ಲಿ ಶೇ. 6ಕ್ಕಿಂತ ಕಡಿಮೆ. ಈಗ ಆತ್ಮವಿಶ್ವಾಸ ನೋಡಿ. ಹತ್ತಕ್ಕೆ 7.2 ಇದ್ದದ್ದು 6.4ಕ್ಕೆ ಇಳಿಯಿತು, ಅಷ್ಟೇ. ಸರಿಯುತ್ತರ ಪಾತಾಳಕ್ಕೆ ಬಿತ್ತು, ಧೈರ್ಯ ಒಂದು ಮೆಟ್ಟಿಲು ಇಳಿಯಿತು. ಇದು ತರಬೇತಿ ಮುಗಿಸಿದ ವೈದ್ಯರ ಕಥೆ. ಒಳಗಿನ ಧೈರ್ಯವನ್ನು ನಂಬಿ ಕೂತರೆ ಆಗಲ್ಲ ಅಂತ ಜೂನಿಯರ್‌ಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿ ನನಗೆ ಸಿಕ್ಕಿಲ್ಲ.

ಮಕ್ಕಳ ಡಾಕ್ಟ್ರು

ಲೆಕ್ಕ ಎಲ್ಲ ಆಯಿತು, ಕಾಲದ ಮಾತು ಯಾರೂ ಎತ್ತಿಲ್ಲ. ಮಕ್ಕಳ ವಿಭಾಗದಲ್ಲಿ ಇದೇ ನಮ್ಮ ಮೊದಲ ಪಾಠ.

ಒಂದು ವರ್ಷದ ಮಗು, ಎರಡು ದಿನದ ಜ್ವರ, ಬೇರೇನೂ ಸಿಗುತ್ತಿಲ್ಲ. ಇದು ರೋಸಿಯೋಲ (ಚಿಕ್ಕ ಮಕ್ಕಳಿಗೆ ಬರುವ ಒಂದು ವೈರಸ್ ಜ್ವರ) ಆಗಿದ್ದರೆ ಜ್ವರ ಬಿಡುವ ಹೊತ್ತಿಗೆ ಮೈ ಮೇಲೆ ದದ್ದು ಬರುತ್ತದೆ. ಅಲ್ಲಿಯವರೆಗೆ ಯಾವ ಜಾಣನಿಗೂ ಗೊತ್ತಾಗಲ್ಲ. ಕವಾಸಾಕಿ ಕಾಯಿಲೆ (ಮಕ್ಕಳಲ್ಲಿ ರಕ್ತನಾಳಗಳ ಉರಿಯೂತ) ಆಗಿದ್ದರೆ? ಅದರ ಕ್ಲಾಸಿಕ್ ಮಾನದಂಡದಲ್ಲೇ ಐದು ದಿನದ ಜ್ವರ ಅಂತ ಇದೆ. ಅಂದರೆ ಎರಡನೇ ದಿನ ಕಣ್ಣು ಕೆಂಪು, ತುಟಿ ಕೆಂಪು ನೋಡಿ ಅನುಮಾನ ಪಡಬಹುದು, ಅಷ್ಟೇ. ಆದರೆ ಮರೆತು ಕೂರುವ ಹಾಗೂ ಇಲ್ಲ. ಹೃದಯದ ರಕ್ತನಾಳ ಉಳಿಸಬೇಕಾದರೆ ಇಮ್ಯುನೊಗ್ಲಾಬ್ಯುಲಿನ್ ಹತ್ತು ದಿನದ ಒಳಗೆ ಕೊಡಬೇಕು ಅಂತ ಗುರಿ ಇಟ್ಟುಕೊಳ್ಳುತ್ತೇವೆ. ಕಾಯುವುದಕ್ಕೂ ಒಂದು ಶುರು ಇದೆ, ಒಂದು ಕೊನೆ ಇದೆ.

ಮೇಷ್ಟ್ರ ಹೊಟ್ಟೆನೋವಿನ ಹುಡುಗನದ್ದೂ ಅದೇ. ಅಪೆಂಡಿಸೈಟಿಸ್ ನೋವು ಹೊಕ್ಕುಳ ಸುತ್ತ ಶುರುವಾಗಿ ಆಮೇಲೆ ಬಲಗಡೆ ಕೆಳಕ್ಕೆ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಇಳಿದಿಲ್ಲ. ಬೆಳಗ್ಗೆ ಎಂಟಕ್ಕೆ ಅದೇ ಡಾಕ್ಟರ್ ಅದೇ ಹೊಟ್ಟೆಯನ್ನು ಮತ್ತೆ ಮುಟ್ಟಿ ನೋಡಿದರೆ, ಅದು ರಾತ್ರಿ ಮಾಡಿಸಿದ ಸ್ಕ್ಯಾನ್‌ಗಿಂತ ಜಾಸ್ತಿ ಹೇಳಬಹುದು. ಎದೆನೋವಿನಲ್ಲಿ ಟ್ರೊಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಒಂದು ಸಲ ನಾರ್ಮಲ್ ಬಂತು ಅಂತ ಮನೆಗೆ ಕಳಿಸಲ್ಲ, ನೋವು ಶುರುವಾಗಿ ಜಾಸ್ತಿ ಹೊತ್ತಾಗಿಲ್ಲದಿದ್ದರೆ ಮತ್ತೆ ಮಾಡಿಸುತ್ತೀರಿ ಅಲ್ವಾ? ಹಾಗೆಯೇ.

ಜೂನಿಯರ್‌ಗಳಿಗೆ "ಕಾಯುವುದು" ಅಂದರೆ ಏನೂ ಮಾಡದಿರುವುದು ಅಂತ ತಲೆಯಲ್ಲಿ ಕೂತಿದೆ. ಕೇಸ್ ಶೀಟ್‌ನಲ್ಲಿ ಅದನ್ನು ಒಂದು ಇನ್ವೆಸ್ಟಿಗೇಷನ್ ತರ ಬರೆಸಿ. ಸಿಬಿಸಿ, ಸಿಆರ್‌ಪಿ ಅನ್ನುವ ರಕ್ತ ಪರೀಕ್ಷೆಗಳು, ಆಮೇಲೆ ಮೂರನೇ ಸಾಲು: "ಬೆಳಗ್ಗೆ 8ಕ್ಕೆ ಹೊಟ್ಟೆ ಮರುಪರೀಕ್ಷೆ, ನಾನೇ." ಈ "ನಾನೇ" ಮುಖ್ಯ. ಬೇರೆಯವರು ಮುಟ್ಟಿದರೆ ರಾತ್ರಿಗೂ ಬೆಳಗ್ಗೆಗೂ ಏನು ಬದಲಾಯಿತು ಅಂತ ಗೊತ್ತಾಗಲ್ಲ. ಡ್ಯೂಟಿ ಬದಲಾಗುತ್ತೆ ಅಂದರೆ ಇಬ್ಬರೂ ಸೇರಿ ಒಟ್ಟಿಗೆ ಮುಟ್ಟಿ ನೋಡಲಿ.

ಸಿಸ್ಟರ್ ಇನ್‌ಚಾರ್ಜ್

ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. "ನಾನೇ" ಅಂದದ್ದು ನೋಡಿ ಬರೀಬೇಕು ಅನ್ನಿಸಿತು.

ಡೌಟ್ ಇರುವ ಪೇಷಂಟ್‌ಗೆ ನಿಮ್ಮ ಜೂನಿಯರ್‌ಗಳು ಬರೆಯುವ ಆರ್ಡರ್ ಒಂದೇ. "ಅಬ್ಸರ್ವ್". ಏನನ್ನು ಅಬ್ಸರ್ವ್ ಮಾಡೋದು? ಪಲ್ಸ್ ಎಷ್ಟಾದರೆ ಕರೀಬೇಕು? ನೋವು ಜಾಗ ಬದಲಿಸಿದರೆ ಹೇಳಬೇಕಾ, ಜಾಸ್ತಿ ಆದರೆ ಮಾತ್ರ ಹೇಳಬೇಕಾ? ಡಾಕ್ಟರ್ ತಲೆಯಲ್ಲಿ ಅಪೆಂಡಿಕ್ಸ್ ಇದೆ, ಆದರೆ ಶೀಟ್‌ನಲ್ಲಿ ಗ್ಯಾಸ್ಟ್ರೈಟಿಸ್ ಅಂತ ಇದೆ. ನಾವು ಶೀಟ್ ನೋಡಿ ಕೆಲಸ ಮಾಡ್ತೀವಿ. ಗ್ಯಾಸ್ಟ್ರೈಟಿಸ್ ಪೇಷಂಟ್ ಬೆಳಗಿನ ಜಾವ ನೋವು ಅಂದರೆ ಬರೆದಿರುವ ಇಂಜೆಕ್ಷನ್ ಕೊಡ್ತೀವಿ. "ಅಪೆಂಡಿಕ್ಸ್ ಇರಬಹುದು, ನೋವು ಬಲಕ್ಕೆ ಬಂದರೆ ಕರೆಯಿರಿ" ಅಂತ ಇದ್ದಿದ್ದರೆ ಕರೀತಿದ್ವಿ.

ನಿಮ್ಮ ಡೌಟ್ ನಮಗೂ ಗೊತ್ತಿರಲಿ. ನಾವು ಅದಕ್ಕೆ ನಗಲ್ಲ.

ವಾರ್ಡ್ ಮೇಷ್ಟ್ರು

ಸಿಸ್ಟರ್, ಈ ಪೂರ್ತಿ ಚರ್ಚೆಯಲ್ಲಿ ನನಗೆ ಜಾಸ್ತಿ ಉಪಯೋಗ ಆದದ್ದು ನಿಮ್ಮ ಮಾತು.

ತಪ್ಪು ಹೆಸರಿನ ತೊಂದರೆ ಇದೇ. ಒಂದು ಸಲ ಶೀಟ್ ಮೇಲೆ ಕೂತರೆ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಗಟ್ಟಿಯಾಗುತ್ತದೆ. ಇಂಟರ್ನ್ "ಇರಬಹುದು" ಅಂತ ಬರೆದದ್ದು ರೆಫರಲ್ ಚೀಟಿಯಲ್ಲಿ "ಇದೆ" ಆಗಿರುತ್ತದೆ. ಗ್ರೇಬರ್ ಮತ್ತು ಜೊತೆಗಾರರು 2005ರಲ್ಲಿ ಡಯಾಗ್ನೊಸಿಸ್ ತಪ್ಪಿದ ನೂರು ಕೇಸ್ ಬಿಡಿಸಿ ನೋಡಿದ್ದರು. ಯೋಚನೆಯಲ್ಲಿ ಆದ ತಪ್ಪುಗಳಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಬೇಗ ಬಾಗಿಲು ಮುಚ್ಚಿಬಿಡುವುದು. ಒಂದು ಹೆಸರು ಸಿಕ್ಕ ಮೇಲೆ ಬೇರೆ ಯೋಚನೆಯನ್ನೇ ಮಾಡದಿರುವುದು. ಓದು ಕಡಿಮೆಯಾಗಿ ತಪ್ಪಿದ್ದು ಅಪರೂಪ. ನಾವು ರೌಂಡ್ಸ್‌ನಲ್ಲಿ ಪರೀಕ್ಷೆ ಮಾಡುವುದು ಮಾತ್ರ ಓದನ್ನೇ.

ಫಾರ್ಮ್‌ನಲ್ಲಿ ಹೆಸರು ಇರಲೇಬೇಕು ಅನ್ನುವವರಿಗೆ ಒಂದು ಮಾತು. ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಆರ್ ಅಕ್ಷರದ ಒಂದು ಇಡೀ ಅಧ್ಯಾಯ ಇರುವುದೇ ಇದಕ್ಕೆ. ಆರ್10 ಹೊಟ್ಟೆನೋವು, ಆರ್50 ಕಾರಣ ತಿಳಿಯದ ಜ್ವರ, ಆರ್07 ಗಂಟಲು ಮತ್ತು ಎದೆ ನೋವು. ಲಕ್ಷಣವನ್ನೇ ಡಯಾಗ್ನೊಸಿಸ್ ಜಾಗದಲ್ಲಿ ಬರೆಯಲು ವಿಶ್ವ ಆರೋಗ್ಯ ಸಂಸ್ಥೆಯದ್ದೇ ಅನುಮತಿ ಇದೆ. ನಾವೇ ಕೊಡುತ್ತಿಲ್ಲ.

ರೋಗಿಯ ಮಗಳು

ನಾನು ಡಾಕ್ಟರ್ ಅಲ್ಲ. ಓದಬಹುದು ಅಂತ ಇದ್ದಿದ್ದಕ್ಕೆ ಓದಿದೆ. ಬರೀಬಹುದಾ ಗೊತ್ತಿಲ್ಲ.

ಅಮ್ಮನಿಗೆ ವಾರಗಟ್ಟಲೆ ಜ್ವರ ಬಂದಿತ್ತು. ಒಬ್ಬರು "ಏನೂ ಗೊತ್ತಾಗ್ತಿಲ್ಲ ಕಣಮ್ಮಾ" ಅಂತ ಹೇಳಿ ಹೊರಟುಹೋದರು. ಪ್ರಾಮಾಣಿಕವಾಗಿಯೇ ಹೇಳಿರಬಹುದು. ನಮಗೆ ಕೇಳಿಸಿದ್ದು "ಕೈಬಿಟ್ಟೆವು" ಅಂತ. ಅದೇ ವಾರ್ಡ್‌ನಲ್ಲಿ ಒಬ್ಬಳು ಚಿಕ್ಕ ಡಾಕ್ಟರ್ ಇದ್ದಳು, ಬಹುಶಃ ಇನ್ನೂ ಓದುತ್ತಿದ್ದವಳು. ಹಾಸಿಗೆ ಪಕ್ಕ ಕೂತು ಹೇಳಿದಳು: "ಆಂಟಿ, ಯಾಕೆ ಜ್ವರ ಅಂತ ಇನ್ನೂ ಸಿಕ್ಕಿಲ್ಲ. ಹೆದರಬೇಕಾದ ಇಂಥಿಂಥದ್ದು ಇಲ್ಲ ಅಂತ ನೋಡಿಯಾಯಿತು. ಇನ್ನು ಎರಡು ರಿಪೋರ್ಟ್ ಗುರುವಾರ ಬರುತ್ತೆ. ಅಷ್ಟರಲ್ಲಿ ಉಸಿರು ಕಷ್ಟ ಆದರೆ, ಅಥವಾ ಮಾತು ತೊದಲಿದರೆ ತಕ್ಷಣ ಹೇಳಿ, ಗುರುವಾರದವರೆಗೆ ಕಾಯಬೇಡಿ." ಅವಳಿಗೂ ಉತ್ತರ ಗೊತ್ತಿರಲಿಲ್ಲ. ಆದರೆ ಆ ರಾತ್ರಿ ಅಮ್ಮ ಮಲಗಿದರು.

ಹಳೇ ರಿಜಿಸ್ಟ್ರಾರ್

ಖಂಡಿತ ಬರೀಬಹುದು ಮೇಡಂ. ಒಳ್ಳೆಯದು ಮಾಡಿದಿರಿ.

ಆ ಚಿಕ್ಕ ಡಾಕ್ಟರ್ ಮಾಡಿದ್ದಕ್ಕೆ ನಮ್ಮಲ್ಲಿ ಸೇಫ್ಟಿ ನೆಟ್ ಅನ್ನುತ್ತೇವೆ. ಬ್ರಿಟನ್ನಿನ ಜನರಲ್ ಪ್ರಾಕ್ಟಿಷನರ್ ರೋಜರ್ ನೇಬರ್ 1987ರಲ್ಲಿ ಇದನ್ನು ಪಾಠದ ಭಾಗವಾಗಿಯೇ ಇಟ್ಟರು. ಡಾಕ್ಟರ್ ತನ್ನನ್ನು ತಾನು ಕೇಳಿಕೊಳ್ಳುವ ಮೂರು ಪ್ರಶ್ನೆ. ನಾನು ಅಂದ್ಕೊಂಡದ್ದು ಸರಿಯಾದರೆ ಮುಂದೆ ಏನಾಗಬೇಕು? ತಪ್ಪಾದರೆ ನನಗೆ ಹೇಗೆ ತಿಳಿಯುತ್ತದೆ? ಆಗ ಏನು ಮಾಡುತ್ತೇನೆ?

"ಏನಾದರೂ ಆದರೆ ಬನ್ನಿ" ಅನ್ನುವುದು ಸೇಫ್ಟಿ ನೆಟ್ ಅಲ್ಲ. ಏನಾದರೂ ಅಂದರೆ ಏನು ಅಂತ ರೋಗಿಗೆ ಗೊತ್ತಿರುವುದಿಲ್ಲ. ಇಂಥ ಲಕ್ಷಣ, ಇಷ್ಟು ಹೊತ್ತಿನೊಳಗೆ, ಇಲ್ಲಿಗೆ ಬನ್ನಿ. ಈ ಮೂರೂ ಇರಬೇಕು. ಆಮೇಲೆ ರೋಗಿಯ ಬಾಯಲ್ಲೇ ಅದನ್ನು ವಾಪಸ್ ಹೇಳಿಸಬೇಕು.

ಕ್ಯಾಶುವಾಲ್ಟಿ ನೈಟ್

ರೋಗಿಗೆ ಎಲ್ಲವನ್ನೂ ಹೇಳಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. 2018ರಲ್ಲಿ ಮಕ್ಕಳ ತಂದೆತಾಯಿಗೆ ಕಾಲ್ಪನಿಕ ಕೇಸ್‌ಗಳನ್ನು ಕೊಟ್ಟು ಕೇಳಿದ ಒಂದು ಅಧ್ಯಯನ ಇದೆ. ಡಾಕ್ಟರ್ ನೇರವಾಗಿ "ನನಗೆ ಖಚಿತ ಇಲ್ಲ" ಅಂದಾಗ ಅವರ ಮೇಲಿನ ನಂಬಿಕೆ ಕಡಿಮೆಯಾಯಿತು. ಅದೇ ಅನಿಶ್ಚಿತತೆಯನ್ನು "ಇದಿರಬಹುದು, ಅದಿರಬಹುದು" ಅಂತ ಸುತ್ತಿ ಹೇಳಿದಾಗ ಅಷ್ಟು ಕಡಿಮೆಯಾಗಲಿಲ್ಲ. ಪ್ರಾಮಾಣಿಕತೆಗೆ ಬೆಲೆ ಕಟ್ಟಬೇಕಾಗುತ್ತೆ ಸ್ವಾಮಿ.

ಮಕ್ಕಳ ಡಾಕ್ಟ್ರು

@ಕ್ಯಾಶುವಾಲ್ಟಿ ನೈಟ್, ಆ ಅಧ್ಯಯನ ನನಗೂ ಗೊತ್ತು. ಅದು ಕಾಗದದ ಮೇಲಿನ ಕೇಸ್, ನಿಜವಾದ ಮಗು ಅಲ್ಲ. ಆದರೂ ತಳ್ಳಿಹಾಕಲ್ಲ, ನನ್ನ ಅನುಭವವೂ ಅದೇ. "ನನಗೆ ಗೊತ್ತಿಲ್ಲ" ಅಂತ ಮಾತು ಶುರು ಮಾಡಿದರೆ ತಾಯಿಯ ಮುಖ ಬಿದ್ದುಹೋಗುತ್ತದೆ. ಮುಂದಿನದ್ದು ಅವಳಿಗೆ ಕೇಳಿಸಲ್ಲ. ಹಾಗಾಗಿ ಗೊತ್ತಿರುವುದರಿಂದ ಶುರು ಮಾಡಿಸುತ್ತೇನೆ. ಮಗು ಹಾಲು ಕುಡಿಯುತ್ತಿದೆ, ಉಸಿರು ಚೆನ್ನಾಗಿದೆ, ಕುತ್ತಿಗೆ ಬಿಗಿತ ಇಲ್ಲ. ಆಮೇಲೆ ಗೊತ್ತಿಲ್ಲದ್ದು. ಆಮೇಲೆ ಯಾವಾಗ ಗೊತ್ತಾಗಬಹುದು. ಮೇಲೆ ಆ ಮೇಡಂ ಹೇಳಿದ ಚಿಕ್ಕ ಡಾಕ್ಟರ್ ಗೊತ್ತಿಲ್ಲದ್ದನ್ನೇ ಮೊದಲು ಹೇಳಿದ್ದಾಳೆ, ಆದರೂ ನಡೆದಿದೆ. ಯಾಕೆಂದರೆ ಅಲ್ಲಿಗೇ ನಿಲ್ಲಿಸಲಿಲ್ಲ, ಮತ್ತೆ ಕೂತು ಹೇಳಿದಳು. ನಿಂತು ಹೇಳುವುದಕ್ಕೂ ಕೂತು ಹೇಳುವುದಕ್ಕೂ ವ್ಯತ್ಯಾಸ ಇದೆ.

ಇದನ್ನು ಜೂನಿಯರ್‌ಗೆ ನಟಿಸಿ ಅಭ್ಯಾಸ ಮಾಡಿಸಬಹುದು. ಒಬ್ಬ ಪಿಜಿ ತಾಯಿ, ಒಬ್ಬ ಡಾಕ್ಟರ್. ಮೊದಮೊದಲು ನಗು ಬರುತ್ತದೆ. "ತಾಯಿ" ಎರಡನೇ ಸಲ "ಹಾಗಾದರೆ ಏನೂ ಇಲ್ಲ ತಾನೇ ಡಾಕ್ಟ್ರೇ?" ಅಂತ ಕೇಳಿದಾಗ ನಗು ನಿಲ್ಲುತ್ತದೆ. ಆ ಪ್ರಶ್ನೆಗೆ ಹೌದು ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ.

ಎರಡನೇ ವರ್ಷದ ಪಿಜಿ

ಎಲ್ಲ ಚೆನ್ನಾಗಿದೆ. ಆದರೆ ಪರೀಕ್ಷೆ? ಎಂಸಿಕ್ಯೂನಲ್ಲಿ ನಾಲ್ಕು ಆಯ್ಕೆ, ಒಂದು ಸರಿ. ಐದನೆಯದ್ದಾಗಿ "ನಾಳೆ ಬೆಳಗ್ಗೆ ಮತ್ತೆ ನೋಡುತ್ತೇನೆ" ಅಂತ ಇರಲ್ಲ. ಅಂಕ ಬರದಿದ್ದನ್ನು ಯಾರು ಕಲಿಯುತ್ತಾರೆ?

ಲೆಕ್ಕದ ಡಾಕ್ಟ್ರು

ಅದಕ್ಕೂ ಒಂದು ಪ್ರಯತ್ನ ನಡೆದಿದೆ. ಸ್ಕ್ರಿಪ್ಟ್ ಕನ್‌ಕಾರ್ಡೆನ್ಸ್ ಟೆಸ್ಟ್ ಅಂತ. ಮಾಂಟ್ರಿಯಲ್‌ನ ಬರ್ನಾರ್ಡ್ ಶಾರ್ಲಾ ಮತ್ತು ಜೊತೆಗಾರರದ್ದು. ಒಂದು ಅರೆಬರೆ ಕೇಸ್ ಕೊಡುತ್ತಾರೆ. "ನೀವು ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು) ಅಂತ ಯೋಚಿಸುತ್ತಿದ್ದಿರಿ. ಈಗ ಒಂದು ಕಾಲು ಊದಿಕೊಂಡಿದೆ ಅಂತ ಗೊತ್ತಾಯಿತು. ನಿಮ್ಮ ಅನುಮಾನ ಎಷ್ಟು ಬದಲಾಯಿತು?" ಮೈನಸ್ 2ರಿಂದ ಪ್ಲಸ್ 2ರವರೆಗೆ ಗುರುತು ಹಾಕಬೇಕು. ಅದೇ ಪ್ರಶ್ನೆಯನ್ನು ಅನುಭವಿ ವೈದ್ಯರ ಗುಂಪಿಗೂ ಕೊಟ್ಟಿರುತ್ತಾರೆ. ಅವರಲ್ಲಿ ಎಷ್ಟು ಜನ ನಿಮ್ಮ ಉತ್ತರವನ್ನೇ ಕೊಟ್ಟರು ಅನ್ನೋದರ ಮೇಲೆ ಅಂಕ. ತಿಳಿದವರೇ ಒಪ್ಪದ ಕಡೆ ಒಂದಕ್ಕಿಂತ ಜಾಸ್ತಿ ಉತ್ತರಕ್ಕೆ ಅಂಕ ಸಿಗುತ್ತದೆ.

ದೋಷ ಇಲ್ಲದೆ ಇಲ್ಲ. ಎಲ್ಲದಕ್ಕೂ ನಡುವಿನ ಸೊನ್ನೆಯನ್ನೇ ಗುರುತು ಹಾಕಿ ಬಂದವನಿಗೂ ಸುಮಾರಾದ ಅಂಕ ಬಂದುಬಿಡಬಹುದು ಅನ್ನುವ ಟೀಕೆ ಇದೆ. ಅದು ನ್ಯಾಯವಾದ ಟೀಕೆ. ಇದರ ಮೇಲೆ ಪಾಸು ಫೇಲು ಮಾಡಲು ನಾನು ಒಪ್ಪಲ್ಲ. ಆದರೆ ತರಗತಿಯಲ್ಲಿ ಒಂದು ಗಂಟೆ ಜಗಳ ಹಚ್ಚೋಕೆ ಇದಕ್ಕಿಂತ ಒಳ್ಳೆಯದು ಸಿಗಲ್ಲ. ಇಬ್ಬರು ಸೀನಿಯರ್‌ಗಳು ಒಬ್ಬರು ಪ್ಲಸ್ 1, ಒಬ್ಬರು ಮೈನಸ್ 1 ಹಾಕಿ ಯಾಕೆ ಅಂತ ವಾದ ಮಾಡುವುದನ್ನು ಜೂನಿಯರ್‌ಗಳು ನೋಡಲಿ. ಮೇಲೆ ನೀವು ಹೇಳಿದ ಕಾರಿಡಾರ್ ಮಾತು ಆಗ ತರಗತಿಯೊಳಗೆ ಬರುತ್ತದೆ.

ವಾರ್ಡ್ ಮೇಷ್ಟ್ರು

ಸೋಮವಾರದಿಂದ ಇದನ್ನು ಮಾಡುತ್ತೇನೆ ಅಂದುಕೊಂಡಿದ್ದೇನೆ. ತಪ್ಪಿದ್ದರೆ ಹೇಳಿ.

"ಡಯಾಗ್ನೊಸಿಸ್ ಏನು?" ಅನ್ನುವ ಪ್ರಶ್ನೆಯನ್ನು ತೆಗೆಯಲ್ಲ. ಅದು ಬೇಕು. ಕಾಯಿಲೆಯ ಹೆಸರೇ ಹೇಳದೆ ತಪ್ಪಿಸಿಕೊಳ್ಳುವವರಿಗೆ ಇದು ನೆಪ ಆಗಬಾರದು. ಆದರೆ ಉತ್ತರ ಬಂದ ಮೇಲೆ ಪ್ರತಿ ಸಲ, ಉತ್ತರ ಸರಿ ಇದ್ದಾಗಲೂ, "ಇದು ಅಲ್ಲ ಅಂತಾದರೆ ಯಾವುದು, ಅದು ಯಾವಾಗ ಗೊತ್ತಾಗುತ್ತೆ?" ಅಂತ ಕೇಳುತ್ತೇನೆ. ತಪ್ಪಿದಾಗ ಮಾತ್ರ ಕೇಳಿದರೆ ಅದು ಶಿಕ್ಷೆ ಅನ್ನಿಸಿಬಿಡುತ್ತದೆ.

ನನಗೇ ಗೊತ್ತಾಗದ ಕೇಸ್‌ನಲ್ಲಿ ಹಾಸಿಗೆಯ ಪಕ್ಕದಿಂದ ದೂರ ಹೋಗಿ, ಆದರೆ ಜೂನಿಯರ್‌ಗಳ ಎದುರೇ ಜೋರಾಗಿ ಯೋಚಿಸುತ್ತೇನೆ. ಕಾರಿಡಾರ್ ಮಾತಿಗೆ ಅವರನ್ನೂ ಕರೆಯುತ್ತೇನೆ.

ಹ್ಯಾಂಡೋವರ್ ಶೀಟ್‌ನಲ್ಲಿ ಡಯಾಗ್ನೊಸಿಸ್ ಕೆಳಗೆ ಒಂದು ಸಾಲು ಸೇರಿಸುತ್ತೇನೆ. ಹೊಟ್ಟೆನೋವಿನ ಹುಡುಗನಿಗೆ ಅದು ಹೀಗಿರುತ್ತದೆ: "ಹೊಟ್ಟೆನೋವು, ಕಾರಣ ಇನ್ನೂ ಸಿಕ್ಕಿಲ್ಲ. ಭಯ: ಶುರುವಿನ ಅಪೆಂಡಿಸೈಟಿಸ್. ನೋವು ಬಲಕ್ಕೆ ಇಳಿದರೆ, ಜ್ವರ ಬಂದರೆ, ಪಲ್ಸ್ 100 ದಾಟಿದರೆ ಕರೆಯಿರಿ. ಬೆಳಗ್ಗೆ 8ಕ್ಕೆ ಮರುಪರೀಕ್ಷೆ."

ಸಿಸ್ಟರ್ ಇನ್‌ಚಾರ್ಜ್

"ಕರೆಯಿರಿ" ಅಂದರೆ ಸಾಲದು ಸರ್. ಯಾರನ್ನು ಅಂತ ಹೆಸರು, ನಂಬರ್ ಇರಲಿ. ಎಂಟು ಗಂಟೆಗೆ ಡ್ಯೂಟಿ ಬದಲಾಗುತ್ತೆ. ಏಳೂ ಐವತ್ತಕ್ಕೆ ಜ್ವರ ಬಂದರೆ ಹೋಗುವವರು ಬರುವವರನ್ನು ತೋರಿಸ್ತಾರೆ, ಬರುವವರು ಇನ್ನೂ ಬಂದಿರಲ್ಲ.

ವಾರ್ಡ್ ಮೇಷ್ಟ್ರು

ಸೇರಿಸಿದೆ. ಮರುಪರೀಕ್ಷೆಯನ್ನೂ 7ಕ್ಕೆ ತಂದೆ.

ಎರಡನೇ ವರ್ಷದ ಪಿಜಿ

ಸರ್, ನೀವು ನಿಮ್ಮ ಯುನಿಟ್‌ನಲ್ಲಿ ಬದಲಾಯಿಸ್ತೀರಿ. ನಾನು ಇರುವುದು ಬೇರೆ ಕಡೆ. ಅಲ್ಲಿ ಒಂದೇ ಹೆಸರು ಹೇಳಬೇಕು, ಗಟ್ಟಿಯಾಗಿ ಹೇಳಬೇಕು. ನಾನೇನು ಮಾಡಲಿ?

ಹಳೇ ರಿಜಿಸ್ಟ್ರಾರ್

ಆ ತರದ ಯುನಿಟ್‌ನಲ್ಲಿ ನಾನು ಇದ್ದವನೇ. ಗಟ್ಟಿಯಾಗಿಯೇ ಹೇಳಿ. ಹೆಸರನ್ನೂ ಹೇಳಿ. ಆದರೆ ಅದೇ ಉಸಿರಲ್ಲಿ ಮುಂದಿನ ವಾಕ್ಯವನ್ನೂ ಮುಗಿಸಿಬಿಡಿ, ನಡುವೆ ಬಾಯಿ ಹಾಕಲು ಜಾಗ ಕೊಡಬೇಡಿ. "ಸರ್, ನನ್ನ ಮೊದಲ ಡಯಾಗ್ನೊಸಿಸ್ ನ್ಯುಮೋನಿಯಾ. ಪಲ್ಮನರಿ ಎಂಬಾಲಿಸಂ ಬಿಡಕ್ಕಾಗಿಲ್ಲ, ಯಾಕೆಂದರೆ ಎಕ್ಸ್‌ರೇಯಲ್ಲಿ ಕಾಣುವುದಕ್ಕಿಂತ ಆಮ್ಲಜನಕ ಜಾಸ್ತಿ ಬೀಳ್ತಿದೆ. ಆಂಟಿಬಯಾಟಿಕ್ ಶುರು ಮಾಡಿದ್ದೇನೆ, ಎಂಬಾಲಿಸಂ ಸಾಧ್ಯತೆ ಅಳೆಯುವ ವೆಲ್ಸ್ ಸ್ಕೋರ್ ಹಾಕಿದ್ದೇನೆ, ಸಿಟಿ ಆಂಜಿಯೋ ಇವತ್ತೇ ಮಾಡಿಸಲಾ ಅಂತ ನಿಮ್ಮನ್ನು ಕೇಳಬೇಕಿತ್ತು."

ಡೌಟ್ ಅಂತ ಎಲ್ಲೂ ಹೇಳಿಲ್ಲ ನೋಡಿ. ಆದರೆ ಪೂರ್ತಿ ಡೌಟ್ ಅವರ ಮುಂದೆ ಇದೆ. ಈಗ ಸಿಟಿ ಬೇಕಾ ಬೇಡ್ವಾ ಅಂತ ಹೇಳಬೇಕಾದವರು ಅವರು.